ಬೀಗ ಹಾಕಿದವನ ಹೆಂಡತಿ

ಹಾಸಿಗೆ ಕಾರ್ಖಾನೆಯ ಬೆಂಕಿಯ ಮೇಲೆ ಒಂದು ಸಿನಿಮಾ ಬರಲಿದೆ ಎಂಬ ಸುದ್ದಿಯನ್ನು ಮೊದಲು ತಂದವನು ಸಣ್ಣಕ್ಕನ ಮೈದುನ. ಅವನು ಸಿಟಿ ಬಸ್ಸಿನ ಡ್ರೈವರ್; ಸಿನಿಮಾ ಹುಚ್ಚಿನವನು. ಹೀರೊ ಮೊದಲ ಸಲ ಕಪ್ಪು ಕನ್ನಡಕ ತೆಗೆಯುವ ಹೊತ್ತಿಗೆ ಚಿತ್ರ ಓಡುತ್ತದೋ ಮಲಗುತ್ತದೋ ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದವನು, ಅವತ್ತು ಮಾತ್ರ ಹೊಸ್ತಿಲಲ್ಲಿ ನಿಂತೇ ವಿಷಯ ಹೇಳಿ, ಅತ್ತಿಗೆಯ ಮುಖ ನೋಡದೆ, ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಹೋದ.

ಸಣ್ಣಕ್ಕ ಎಂಬುದು ಆ ಕಾರ್ಖಾನೆಯೇ ಕೊಟ್ಟ ಹೆಸರು. ಪ್ಯಾಕಿಂಗ್ ವಿಭಾಗದ ಮೂಲೆಯಲ್ಲಿದ್ದ, ಹಾಸಿಗೆಯ ಅಂಚು ಹೊಲಿಯುವ ಮೇಜಿನಲ್ಲಿ ಎದುರುಬದುರು ಕೂರುತ್ತಿದ್ದ ಇಬ್ಬರು ಹೆಂಗಸರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡಕ್ಕ ಎಂದರು, ಕಿರಿಯಳನ್ನು ಸಣ್ಣಕ್ಕ ಎಂದರು. ಅಕ್ಕತಂಗಿಯರಲ್ಲದಿದ್ದರೂ ಬರುಬರುತ್ತಾ ಅಕ್ಕತಂಗಿಯರೇ ಆಗಿಬಿಟ್ಟರು. ಸಣ್ಣಕ್ಕನ ಗಂಡ ಅದೇ ಕಾರ್ಖಾನೆಯ ಕಾವಲುಗಾರ. ಮುಂದೆ ಸಣ್ಣಕ್ಕನಿಗೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ, ಹರಿದ ಹೊದಿಕೆ ಹೊಲಿಯುವ ಕೆಲಸ ಸಿಕ್ಕಿತು. ದೊಡ್ಡಕ್ಕನಿಗೆ ಕಣ್ಣು ಮಂಜಾಗಿ ಅವಳೂ ಬಿಟ್ಟಳು. ಅವಳ ಬದಲಿಗೆ ಅವಳ ಮಗ ಅದೇ ಪ್ಯಾಕಿಂಗ್ ವಿಭಾಗಕ್ಕೆ ಸೇರಿಕೊಂಡ.

ಒಂದು ಮಧ್ಯಾಹ್ನ ಸ್ಪಂಜಿನ ರಾಶಿಗೆ ಕಿಡಿ ಬಿತ್ತು. ಸ್ಪಂಜು ಉರಿದರೆ ಬೆಂಕಿಗಿಂತ ಮುಂಚೆ ಹೊಗೆ ಓಡುತ್ತದೆ, ಕಪ್ಪಗೆ, ಎಣ್ಣೆಯ ಹಾಗೆ ಅಂಟುವ ಹೊಗೆ. ಪ್ಯಾಕಿಂಗ್ ವಿಭಾಗದ ಹಿಂಬಾಗಿಲಿಗೆ ಬೀಗ ಬಿದ್ದಿತ್ತು. ಒಳಗಿದ್ದವರಲ್ಲಿ ಯಾರೂ ಬದುಕಿ ಬರಲಿಲ್ಲ. ದೊಡ್ಡಕ್ಕನ ಮಗನೂ ಬರಲಿಲ್ಲ. ಗೇಟಿನಲ್ಲಿದ್ದ ಕಾವಲುಗಾರ ಲಾರಿ ನಿಲ್ಲುವ ಕಡೆಯಿಂದ ಒಳಗೆ ನುಗ್ಗಿದ್ದನ್ನು ಇಬ್ಬರು ಲೋಡರುಗಳು ನೋಡಿದ್ದರು. ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ. ವಿಚಾರಣೆ ನಡೆಯಿತು. ವೈರು ಕಾದು ಬೆಂಕಿ ಹತ್ತಿತೆಂದೂ ಬಾಗಿಲಿಗೆ ಬೀಗವಿದ್ದದ್ದು ದುರದೃಷ್ಟವೆಂದೂ ಹೇಳಿ ಕೈ ತೊಳೆದುಕೊಂಡರು. ಮಾಲೀಕ ಬೇರೆ ಊರಿಗೆ ಹೋದ. ಅಷ್ಟಕ್ಕೇ ಅದು ಮುಗಿದಿತ್ತು.

ಆಮೇಲಿನ ವರ್ಷಗಳಲ್ಲಿ ಪ್ರತಿ ಭಾನುವಾರ ದೊಡ್ಡಕ್ಕ ಸಣ್ಣಕ್ಕನ ಮನೆಗೆ ಬರುತ್ತಿದ್ದಳು. ಅಡುಗೆಮನೆಯ ಕಿಟಕಿ ಪಕ್ಕ ಕೂತು ಇಬ್ಬರೂ ಟೀ ಕುಡಿಯುತ್ತಿದ್ದರು. ದೊಡ್ಡಕ್ಕನಿಗೆ ಬೇಕಾದ ಸೂಜಿಗಳಿಗೆಲ್ಲ ಸಣ್ಣಕ್ಕ ದಾರ ಪೋಣಿಸಿ ಬಟ್ಟೆ ಚೂರಿಗೆ ಚುಚ್ಚಿ ಕೊಡುತ್ತಿದ್ದಳು. ಸತ್ತವರ ಮಾತು ಬರುತ್ತಿದ್ದದ್ದು ಕಡಿಮೆ. ಬಂದರೂ ಹುಡುಗ ಉಪ್ಪು ಹೆಚ್ಚು ತಿನ್ನುತ್ತಿದ್ದ, ಇವರು ನಿದ್ದೆಯಲ್ಲಿ ಗೊಣಗುತ್ತಿದ್ದರು, ಇಂಥವೇ.

ಮೈದುನ ತಂದ ಸುದ್ದಿ ಕೇಳಿ, ಸಿನಿಮಾದವರು ಹಿಂದೊಮ್ಮೆ ಬಂದದ್ದು ಸಣ್ಣಕ್ಕನಿಗೆ ನೆನಪಾಯಿತು. ಮೆದು ಮಾತಿನ ಒಬ್ಬ ಕಥೆಗಾರ, ಜೊತೆಗೊಬ್ಬ ಸಹಾಯಕ. ಗಂಡನ ಬಗ್ಗೆ ಕೇಳಿದ್ದರು. ಕೇಳುವವರು ಸಿಕ್ಕರಲ್ಲ ಎಂದು ಅವಳು ಮನಸ್ಸು ಬಿಚ್ಚಿ ಹೇಳಿದ್ದಳು: ಎಡಗಾಲು ಸ್ವಲ್ಪ ಎಳೆಯುತ್ತಿದ್ದರು, ಗೇಟು ಹಾಕುವಾಗ ಶಿಳ್ಳೆ ಹೊಡೆಯುತ್ತಿದ್ದರು, ಟೋಪಿಯನ್ನು ಹಿಂದಕ್ಕೆ ಸರಿಸಿ ಹಾಕಿಕೊಳ್ಳುತ್ತಿದ್ದರು. ಫೋಟೋ ಕೂಡ ತೋರಿಸಿದ್ದಳು. ಕಥೆಗಾರನ ಕಣ್ಣು ಒದ್ದೆಯಾಗಿತ್ತು. ನಿಮ್ಮ ಯಜಮಾನರಿಗೆ ನ್ಯಾಯ ಸಿಗಬೇಕಮ್ಮ ಎಂದು ಹೇಳಿ ಹೋಗಿದ್ದ.

ಮೊದಲ ಆಟಕ್ಕೆ ಸತ್ತವರ ಮನೆಯವರನ್ನೆಲ್ಲ ಕರೆದಿದ್ದರು. ಥಿಯೇಟರಿನ ಮಧ್ಯದ ಸಾಲುಗಳ ಸೀಟಿಗೆ ಬಿಳಿ ಕಾಗದ ಅಂಟಿಸಿ ಅವರಿಗೆಂದು ಮೀಸಲಿಟ್ಟಿದ್ದರು. ಸಣ್ಣಕ್ಕನ ಒಂದು ಪಕ್ಕಕ್ಕೆ ಮಗಳು, ಇನ್ನೊಂದು ಪಕ್ಕಕ್ಕೆ ದೊಡ್ಡಕ್ಕ. ಮಗಳ ಆಚೆಗೆ ಮೈದುನ. ಟಿಕೆಟ್ಟು ತೆಗೆದುಕೊಂಡು ಬಂದ ಜನ ಸುತ್ತ ತುಂಬಿದ್ದರು. ಇವರು ಒಳಗೆ ಬಂದಾಗ ಅವರೆಲ್ಲ ಮಾತು ನಿಲ್ಲಿಸಿದರು. ಒಬ್ಬ ಮುದುಕ ಎದ್ದು ನಿಂತು ದಾರಿ ಬಿಟ್ಟ. ದೀಪ ಆರಿತು. ಪರದೆಯ ಮೇಲೆ ಕಾರ್ಖಾನೆಯ ಗೇಟು ಕಂಡಿತು. ಥೇಟ್ ಅದೇ ಗೇಟು, ತುಕ್ಕು ಹಿಡಿದ ಅದೇ ಹಸಿರು ಬಣ್ಣ. ದೊಡ್ಡಕ್ಕ ಸಣ್ಣಕ್ಕನ ಕೈ ಹಿಡಿದುಕೊಂಡಳು. ಇಡೀ ಥಿಯೇಟರಿನಲ್ಲಿ ಕೆಮ್ಮಿನ ಸದ್ದೂ ಇರಲಿಲ್ಲ.

ಆ ಮೌನ ಬಹಳ ಹೊತ್ತು ಉಳಿಯಲಿಲ್ಲ. ಕಾರ್ಖಾನೆಯ ನೆಲದಡಿಯಲ್ಲಿ ಪರದೇಶದ ವಿಜ್ಞಾನಿಗಳು ಗುಟ್ಟಾಗಿ ವಿಷದ ಗಾಳಿ ತಯಾರಿಸುತ್ತಿದ್ದಾರೆಂದು ಸಿನಿಮಾ ಹೇಳಿತು. ಅವರ ಹಿಂದೆ ಒಬ್ಬ ಮಂತ್ರಿ, ಮಂತ್ರಿಯ ಹಿಂದೆ ಒಬ್ಬ ಬೆಕ್ಕು ಸಾಕಿದ ಶ್ರೀಮಂತ. ಅದನ್ನು ಪತ್ತೆ ಹಚ್ಚಲು ಬರುವ ಹೀರೊ ಗಿರಾಕಿಯ ವೇಷದಲ್ಲಿ ಕಾರ್ಖಾನೆಗೆ ನುಗ್ಗಿ, ಹಾಸಿಗೆ ಪರೀಕ್ಷಿಸುವ ನೆಪದಲ್ಲಿ ಅದರ ಮೇಲೆ ಹಾರಿ ಬಿದ್ದು, ಬಿದ್ದಲ್ಲಿಂದಲೇ ನಾಲ್ಕು ಜನಕ್ಕೆ ಗುಂಡು ಹೊಡೆದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಾಸಿಗೆ ಇತ್ತ ಕೊಡ್ರಪ್ಪಾ, ನಾವೂ ಮಲಗ್ತೀವಿ ಎಂದು ಇನ್ನೊಬ್ಬ ಕೂಗಿದ. ನಗು ಹಬ್ಬಿತು. ಅಲ್ಲಲ್ಲಿ ಫೋನುಗಳು ಬೆಳಗತೊಡಗಿದವು. ಯಾರೋ ಆಕಳಿಸಿದ ಸದ್ದಿಗೆ ಮತ್ತೆ ನಗು.

ಕಾವಲುಗಾರ ಪರದೆಗೆ ಬಂದದ್ದು ಆಗ. ಎಡಗಾಲು ಎಳೆಯುತ್ತಾ, ಟೋಪಿ ಹಿಂದಕ್ಕೆ ಸರಿಸಿಕೊಂಡು, ಶಿಳ್ಳೆ ಹೊಡೆಯುತ್ತಾ ಬಂದ. ಸಣ್ಣಕ್ಕನ ಎದೆ ಧಸಕ್ಕೆಂದಿತು. ಒಂದು ಗಳಿಗೆ ಅದು ಸಂತೋಷವೇ ಆಗಿತ್ತು. ಆ ಕಾವಲುಗಾರ ಶ್ರೀಮಂತನ ಆಳಿನಿಂದ ಒಂದು ಲಕೋಟೆ ಈಸಿಕೊಂಡು ಒಳಜೇಬಿಗೆ ಹಾಕಿಕೊಂಡ. ಜನ ಕೆಲಸ ಮಾಡುತ್ತಿರುವುದನ್ನು ಕಿಂಡಿಯಲ್ಲಿ ಇಣುಕಿ ನೋಡಿದ. ಬಾಗಿಲೆಳೆದು ಬೀಗ ಜಡಿದ. ಕೀಲಿಯನ್ನು ಚರಂಡಿಗೆ ಎಸೆದು, ಶಿಳ್ಳೆ ಹೊಡೆಯುತ್ತಲೇ ಹೊರಟುಹೋದ.

ಮಗಳು ಎದ್ದು ನಿಂತಳು. ಸಣ್ಣಕ್ಕ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು. ಈಗ ಎದ್ದು ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ, ಇವರೇ ಅವರು ಎಂದು ತಿಳಿದುಬಿಡುತ್ತದೆ ಎಂದಷ್ಟೇ ಅವಳಿಗೆ ತೋಚಿದ್ದು. ಇನ್ನೊಂದು ಕೈ ಖಾಲಿಯಾಗಿತ್ತು. ದೊಡ್ಡಕ್ಕ ಅದನ್ನು ಯಾವಾಗ ಬಿಟ್ಟಳೋ ಅವಳಿಗೆ ಗೊತ್ತಾಗಲಿಲ್ಲ.

ಕೊನೆಗೆ ಹೀರೊ ಕಾವಲುಗಾರನನ್ನು ಉರಿಯುವ ಕಟ್ಟಡದೊಳಗೆ ಹಿಡಿದ. ಕಾವಲುಗಾರ ತಪ್ಪೊಪ್ಪಿಕೊಂಡು ಉದ್ದ ಭಾಷಣ ಮಾಡಿ ಸತ್ತ. ಸತ್ತವನು ತಲೆಯೆತ್ತಿ ಮಂತ್ರಿಯ ಹೆಸರು ಹೇಳಿದ. ಮತ್ತೆ ಸತ್ತ. ಮತ್ತೆ ತಲೆಯೆತ್ತಿ ಕ್ಷಮೆ ಕೇಳಿದ. ಇನ್ನೂ ಇದ್ದೀಯೇನಪ್ಪಾ ಎಂದು ಹಿಂದಿನಿಂದ ಒಬ್ಬ ಕೇಳಿದಾಗ ಥಿಯೇಟರಿಗೆ ಥಿಯೇಟರೇ ಹೊಟ್ಟೆ ಹಿಡಿದು ನಕ್ಕಿತು. ಮೀಸಲು ಸಾಲಿನಲ್ಲೂ ಒಂದಿಬ್ಬರು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದರು. ಅಷ್ಟೊಂದು ಜನ ಒಟ್ಟಿಗೆ ತನ್ನ ಗಂಡ ಸಾಯುವುದನ್ನು ನೋಡಿ ನಗುತ್ತಿದ್ದಾರೆ ಎಂಬುದು ಸಣ್ಣಕ್ಕನ ತಲೆಗೆ ಹೋಗಲು ಹೊತ್ತು ಹಿಡಿಯಿತು.

ಹೊರಗೆ ಮೊಗಸಾಲೆಯಲ್ಲಿ ಹುಡುಗಿಯೊಬ್ಬಳು ಮೈಕು ಹಿಡಿದು ಸಿನಿಮಾ ಹೇಗಿತ್ತೆಂದು ಕೇಳುತ್ತಿದ್ದಳು. ತಲೆಬುಡ ಇಲ್ಲ ಎಂದ ಒಬ್ಬ. ಕಿವಿ ಮೇಲೆ ಹೂವಲ್ಲ, ತೋಟವನ್ನೇ ಇಟ್ಟಿದ್ದಾರೆ ಎಂದ ಇನ್ನೊಬ್ಬ. ಮೊದಲರ್ಧ ನಿದ್ದೆ, ಎರಡನೇ ಅರ್ಧ ತಲೆನೋವು ಎಂದು ಗಂಡಹೆಂಡತಿ ಪಾಲು ಮಾಡಿಕೊಂಡು ಹೇಳಿದರು. ಪಾಪ, ಸತ್ತವರ ಮನೆಯವರು ಬಂದಿದ್ದರು, ಅವರೆದುರು ಇಂಥದ್ದು ತೋರಿಸಬಾರದಿತ್ತು ಎಂದ ಒಬ್ಬ ಹೆಂಗಸಿನ ಹಿಂದೆಯೇ ಸಣ್ಣಕ್ಕ ನಿಂತಿದ್ದಳು. ಮೈದುನ ಮೈಕಿನೆದುರು ಹೋಗಿ, ಈ ಚಿತ್ರ ಮುಂದಿನ ಶುಕ್ರವಾರದ ಮುಖ ನೋಡುವುದಿಲ್ಲ ಎಂದು ತೀರ್ಪು ಕೊಟ್ಟು ಬಂದ. ದೊಡ್ಡಕ್ಕ ತಲೆ ಸಿಡಿಯುತ್ತಿದೆ ಎಂದು ಯಾರಿಗೂ ಕಾಯದೆ ಹೊರಟುಹೋಗಿದ್ದಳು.

ಅವತ್ತು ಸಂಜೆ ಮನೆಯಲ್ಲಿ ಅವರು ನಕ್ಕರು. ಅದನ್ನು ನೆನೆದರೆ ಸಣ್ಣಕ್ಕನಿಗೆ ಆಮೇಲೆ ಆಶ್ಚರ್ಯವಾಗುತ್ತಿತ್ತು. ಮಗಳು ಹೀರೊ ಥರ ಮಂಚದ ಮೇಲೆ ಹಾರಿ ಬಿದ್ದು ಪೊರಕೆಯಿಂದ ಗುಂಡು ಹೊಡೆದಳು. ಮೈದುನ ಬೆಕ್ಕು ಸಾಕಿದ ಶ್ರೀಮಂತನಾಗಿ ದಿಂಬು ನೇವರಿಸಿದ. ಸಣ್ಣಕ್ಕನಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು.

"ಇಷ್ಟು ಕೆಟ್ಟದಾಗಿ ತೆಗೆದದ್ದು ಒಳ್ಳೇದೇ ಆಯ್ತು ಅತ್ತಿಗೆ," ಎಂದ ಮೈದುನ, ಹೊರಡುವಾಗ. "ಚೆನ್ನಾಗಿ ತೆಗೆದಿದ್ರೆ ಜನ ನಂಬಿಬಿಡ್ತಿದ್ರು."

ಸಿನಿಮಾ ಮಲಗಿದ್ದು ನಿಜ. ಪೇಪರಿನವರು ಉಗಿದರು. ಆದರೆ ಕಾವಲುಗಾರ ಸತ್ತು ಸತ್ತು ಏಳುವ ತುಣುಕು ಮಾತ್ರ ಫೋನಿನಿಂದ ಫೋನಿಗೆ ಹಾರಿತು. ಜನ ಅದಕ್ಕೆ ತಮ್ಮದೇ ಮಾತು ಸೇರಿಸಿ ಕಳಿಸತೊಡಗಿದರು: ಸೋಮವಾರ ಬೆಳಿಗ್ಗೆ ನಾನು, ಪರೀಕ್ಷೆಯ ಹಿಂದಿನ ದಿನ ನಾನು. ಮಗಳು ಹಲ್ಲಿನ ಆಸ್ಪತ್ರೆಯ ಮುಂದಿನ ಮೇಜಿನಲ್ಲಿ ಕೂತು ರೋಗಿಗಳ ಹೆಸರು ಕರೆಯುವ ಕೆಲಸದಲ್ಲಿದ್ದಳು. ಜೊತೆಯ ನರ್ಸು ಗೊತ್ತಿಲ್ಲದೆ ಅವಳಿಗೇ ಆ ತುಣುಕು ತೋರಿಸಿ ನಕ್ಕಳು. ಗೊತ್ತಾದ ಮೇಲೆ ಕ್ಷಮೆ ಕೇಳಿದಳು. ಕ್ಷಮೆ ಕೇಳಿದ ಮೇಲೆ, ಊಟದ ಬಿಡುವಿನಲ್ಲಿ, ಸಿನಿಮಾ ಡಬ್ಬಾ ಬಿಡು, ಆದರೂ ಏನೂ ಇಲ್ಲದೆ ಹಾಗೆ ತೋರಿಸುತ್ತಾರಾ ಎಂದು ಮೆಲ್ಲಗೆ ಕೇಳಿದಳು. ಮಗಳು ಅವತ್ತು ಊಟದ ಡಬ್ಬಿ ತೆರೆಯದೆ ವಾಪಸು ತಂದಳು.

ಸಣ್ಣಕ್ಕನ ಬಟ್ಟೆ ಕೋಣೆಯಲ್ಲೂ ಅದೇ ಆಯಿತು. ಒಗೆದು ಬಂದ ಹೊದಿಕೆಗಳನ್ನು ಬೆಳಕಿಗೆ ಹಿಡಿದು ತೂತು ಹುಡುಕುವಾಗ ಅಲ್ಲಿಯ ಹೆಂಗಸರು ಸಿನಿಮಾವನ್ನು ಬೈಯುತ್ತಿದ್ದರು. ಅವಳ ಪರವಾಗಿಯೇ ಬೈಯುತ್ತಿದ್ದರು. ಬೈದು ಮುಗಿದ ಮೇಲೆ, ಕೋಣೆಯ ಮೇಲ್ವಿಚಾರಕಿ, ಒಳ್ಳೆಯ ಹೆಂಗಸು, ಪಕ್ಕಕ್ಕೆ ಬಂದು, ಕೇಳಿದೆನೆಂದು ಬೇಜಾರು ಮಾಡಿಕೊಳ್ಳಬೇಡ, ಕೀಲಿ ನಿಜವಾಗಿಯೂ ಚರಂಡಿಯಲ್ಲಿ ಸಿಕ್ಕಿತಾ ಎಂದಳು. ಚರಂಡಿಯೇ ಇರಲಿಲ್ಲ ಅಲ್ಲಿ ಎಂದಳು ಸಣ್ಣಕ್ಕ. ಮೇಲ್ವಿಚಾರಕಿ ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗದ ಹಾಗೆ ತಲೆಯಾಡಿಸಿದಳು.

ಭಾನುವಾರ ಬಂತು, ದೊಡ್ಡಕ್ಕ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಫೋನು ಮಾಡಿದರೆ ಮೈಗೆ ಹುಷಾರಿಲ್ಲ ಎಂದಳು. ಮನೆಗೆ ಹೋದರೆ ಬೀದಿಯ ಬಾಗಿಲು ಮುಚ್ಚಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಸಣ್ಣಕ್ಕನ ಒಳಗೇ ನಡೆಯಿತು. ಅಡುಗೆ ಮಾಡುತ್ತಾ, ಬಸ್ಸಿಗೆ ಕಾಯುತ್ತಾ, ಗಂಡನ ಕೊನೆಯ ತಿಂಗಳನ್ನು ಅವಳು ತಿರುವಿ ಹಾಕತೊಡಗಿದಳು. ಮ್ಯಾನೇಜರ್ ಅವನನ್ನು ಆ ತಿಂಗಳಲ್ಲಿ ಕೋಣೆಗೆ ಕರೆಸಿಕೊಂಡಿದ್ದ. ಏನಂತೆ ಎಂದು ಕೇಳಿದ್ದಕ್ಕೆ, ಏನಿಲ್ಲ, ಅದೇ ಎಂದಿದ್ದ. ಆಮೇಲೆ ಊಟಕ್ಕೆ ಕೂತವನು ತಟ್ಟೆಯನ್ನೇ ನೋಡುತ್ತಿದ್ದ. ಅದೇ ಎಂದರೆ ಯಾವುದು? ಅವಳು ಮತ್ತೆ ಕೇಳಿರಲಿಲ್ಲ. ಈಗ ಆ ಎರಡು ಮಾತಿಗೆ ಏನು ಬೇಕಾದರೂ ಅರ್ಥ ಬರುತ್ತಿತ್ತು. ಗಂಡನ ಮುಖವನ್ನು ನೆನೆಯಲು ಹೋದರೆ ಒಮ್ಮೊಮ್ಮೆ ಆ ನಟನ ಮುಖವೇ ಬರುತ್ತಿತ್ತು. ಆಗ ಅವಳು ಎದ್ದು ಹೋಗಿ ಫೋಟೋ ನೋಡಿ ಬರುತ್ತಿದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ದೊಡ್ಡಕ್ಕನ ಸುಳಿವು ಕೊಟ್ಟವನು ಮೈದುನನೇ. ಅವನ ಬಸ್ಸು ಹೋಗುವ ದಾರಿಯಲ್ಲಿ, ಊರಂಚಿನ ಒಂದು ಹಳೆಯ ಥಿಯೇಟರಿನಲ್ಲಿ ಮಾತ್ರ ಆ ಸಿನಿಮಾ ಇನ್ನೂ ಮಧ್ಯಾಹ್ನದ ಆಟಕ್ಕೆ ಉಳಿದಿತ್ತು. ದೊಡ್ಡಕ್ಕ ದಿನಾ ಅಲ್ಲಿ ಇಳಿಯುತ್ತಾಳೆ ಎಂದ ಅವನು. ಮಾತನಾಡಿಸಿದರೆ ಕಿಟಕಿ ಕಡೆ ಮುಖ ತಿರುಗಿಸುತ್ತಾಳಂತೆ.

ಮರುದಿನ ಸಣ್ಣಕ್ಕ ಅರ್ಧ ದಿನ ರಜೆ ಹಾಕಿ ಅಲ್ಲಿಗೆ ಹೋದಳು. ಟಿಕೆಟ್ಟು ಹರಿಯುವವನು, ತಪ್ಪಿ ಬಂದಿರಾ ಎನ್ನುವ ಹಾಗೆ ಅವಳ ಮುಖ ನೋಡಿದ. ಒಳಗೆ ಬೆರಳೆಣಿಕೆಯ ಜನ. ಒಬ್ಬ ಬೂಟು ಬಿಚ್ಚಿಟ್ಟು ನಿದ್ದೆ ಹೊಡೆಯುತ್ತಿದ್ದ. ಮೂಲೆಯಲ್ಲಿ ಒಂದು ಜೋಡಿ. ಅವರಿಗೆ ಪರದೆಯ ಗೊಡವೆಯೇ ಇರಲಿಲ್ಲ. ದೊಡ್ಡಕ್ಕ ಮಂಜುಗಣ್ಣಿಗೆ ಕಾಣಲೆಂದು ತೀರ ಮುಂದಿನ ಸಾಲಿನಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವಳ ಹಾಗೆ ಕೂತಿದ್ದಳು. ಸಣ್ಣಕ್ಕ ಹಿಂದೆಯೇ ಕೂತಳು.

ಹೀರೊ ಹಾಸಿಗೆಯ ಮೇಲೆ ಹಾರಿ ಬಿದ್ದಾಗ ಇಲ್ಲಿ ಯಾರೂ ನಗಲಿಲ್ಲ. ಲಕೋಟೆಯ ದೃಶ್ಯ ಬಂದಾಗ ದೊಡ್ಡಕ್ಕ ಮುಂದಕ್ಕೆ ಬಾಗಿದಳು. ಬೀಗ ಬಿದ್ದಾಗ ಅವಳ ತಲೆ ಒಮ್ಮೆ ಮೇಲೆ ಕೆಳಗೆ ಆಡಿತು, ಯಾರೋ ಹೇಳಿದ ಮಾತಿಗೆ ಒಪ್ಪಿಗೆ ಕೊಡುವ ಹಾಗೆ. ಪ್ಯಾಕಿಂಗ್ ವಿಭಾಗದ ಜನ ಬಾಗಿಲು ಬಡಿಯುವಾಗ ಅವಳು ಕಣ್ಣು ಮುಚ್ಚಿಕೊಳ್ಳಲಿಲ್ಲ. ಕಾವಲುಗಾರ ಸತ್ತು, ಎದ್ದು, ಕ್ಷಮೆ ಕೇಳಿದ. ದೊಡ್ಡಕ್ಕ ಅದನ್ನು ಪೂರ್ತಿ ಕೇಳಿಸಿಕೊಂಡಳು. ಊರೆಲ್ಲ ನಕ್ಕ ಆ ಮಾತನ್ನು, ಗಂಭೀರವಾಗಿ, ತನಗೇ ಹೇಳಿದ್ದೆಂಬಂತೆ ಕೇಳಿಸಿಕೊಂಡಳು.

ದೀಪ ಹತ್ತಿತು. ನಿದ್ದೆಯವನು ಬೂಟು ಹಾಕಿಕೊಂಡು ಹೋದ. ಸಣ್ಣಕ್ಕ ಮುಂದೆ ಹೋಗಿ ದೊಡ್ಡಕ್ಕನ ಪಕ್ಕ ಕೂತಳು. ದೊಡ್ಡಕ್ಕನಿಗೆ ಆಶ್ಚರ್ಯವೇನೂ ಆದ ಹಾಗಿರಲಿಲ್ಲ.

"ಯಾಕಕ್ಕ ದಿನಾ ಬರ್ತೀಯ?" ಎಂದಳು ಸಣ್ಣಕ್ಕ. "ಇದು ಸುಳ್ಳು ಅಂತ ಊರಿಗೆಲ್ಲ ಗೊತ್ತು."

"ನಂಗೂ ಗೊತ್ತು ಕಣೇ. ಮಂತ್ರಿ, ಬೆಕ್ಕು, ಅದೆಲ್ಲ ಸುಳ್ಳೇ. ನಾನೇನು ಹುಚ್ಚೀನಾ?" ದೊಡ್ಡಕ್ಕ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡಳು. "ಇಷ್ಟು ವರ್ಷ ನನ್ನ ಮಗ ಯಾಕೆ ಸತ್ತ ಅಂತ ಕೇಳ್ತಾನೇ ಬಂದೆ. ಒಬ್ಬರೂ ಹೇಳಲಿಲ್ಲ. ವೈರು ಅಂದ್ರು, ಹಣೆಬರಹ ಅಂದ್ರು. ಇಲ್ಲಿ ಒಬ್ಬ ಬಂದು, ನಾನೇ ಮಾಡಿದೆ, ತಪ್ಪಾಯ್ತು ಅಂತಾನೆ. ಸುಳ್ಳೇ ಇರಲಿ. ಹಾಗಂತ ಯಾರಾದ್ರೂ ಒಬ್ಬರು ಹೇಳಬೇಕಿತ್ತಲ್ಲ."

ಪರದೆಯ ಮುಂದೆ ಒಬ್ಬ ಹೆಂಗಸು ಕಸ ಗುಡಿಸತೊಡಗಿದ್ದಳು.

"ನಿಜ ಹೇಳು," ಎಂದಳು ದೊಡ್ಡಕ್ಕ. "ಅವನೇನಾ ಬೀಗ ಹಾಕಿದ್ದು?"

ಇಷ್ಟು ದಿನ ಎಲ್ಲರೂ ಸುತ್ತಿ ಬಳಸಿ ಕೇಳಿದ್ದನ್ನು ಅವಳು ನೇರ ಕೇಳಿದ್ದಳು. ಅವಳಿಗೆ ಸುಳ್ಳು ಹೇಳಬಾರದು ಎನ್ನಿಸಿತು ಸಣ್ಣಕ್ಕನಿಗೆ. ಬೇರೆ ಯಾರಿಗಾದರೂ ಹೇಳಬಹುದು, ಇವಳಿಗೆ ಕೂಡದು.

"ಹೌದಕ್ಕ. ಇವರೇ ಹಾಕಿದ್ದು. ದಿನಾ ಇವರೇ ಹಾಕ್ತಿದ್ರು. ಮಾಲು ಕಳುವಾಗುತ್ತೆ ಅಂತ ಮ್ಯಾನೇಜರ್ ಹಾಕಿಸ್ತಿದ್ದ. ಹಾಕಿ ಕೀಲಿ ಆಫೀಸಿಗೆ ಕೊಡಬೇಕಿತ್ತು. ಅವತ್ತೂ ಕೊಟ್ಟಿದ್ರು. ಬೆಂಕಿ ಬಿದ್ದಾಗ ಮ್ಯಾನೇಜರ್ ಹೊರಗೆ ಹೋಗಿದ್ದ, ಕೋಣೆಗೆ ಬೀಗ ಬಿದ್ದಿತ್ತು. ಕೀಲಿ ಇದ್ದಿದ್ರೆ ಅವರು ಯಾಕೆ ಲಾರಿ ಕಡೆಯಿಂದ ಒಳಗೆ ಹೋಗ್ತಿದ್ರು?" ಅವಳು ದೊಡ್ಡಕ್ಕನ ಕಡೆಗೆ ತಿರುಗಿ ಕೂತಳು. "ನಮ್ಮ ಕಾಲದಲ್ಲೂ ಹಾಕ್ತಿದ್ರಲ್ಲ. ನಾವಿಬ್ಬರೂ ಆ ಬೀಗದೊಳಗೇ ಕೂತು ಹೊಲಿದಿದ್ದೀವಿ. ಬೇಸಿಗೇಲಿ ಸೆಖೆ ತಡೆಯೋಕಾಗದೆ ನೀನೇ ಆ ಬಾಗಿಲು ಒದ್ದಿದ್ದೆ. ನೆನಪಿಲ್ವಾ?"

"ಇಲ್ಲ," ಎಂದಳು ದೊಡ್ಡಕ್ಕ. "ನಾನಿದ್ದಾಗ ತೆಗೆದೇ ಇರ್ತಿತ್ತು."

"ಅಕ್ಕ, ಎಲ್ಲರಿಗೂ ಗೊತ್ತಿತ್ತು. ನಂಗೆ, ನಿಂಗೆ, ಮಕ್ಕಳಿಗೆ. ಒಂದು ದಿನವೂ ಯಾರೂ ಬಾಯಿ ಬಿಡಲಿಲ್ಲ, ಅಷ್ಟೇ."

"ತೆಗೆದೇ ಇರ್ತಿತ್ತು," ಎಂದಳು ದೊಡ್ಡಕ್ಕ ಮತ್ತೆ. ಅವಳ ಮುಖದಲ್ಲಿ ಸುಳ್ಳು ಹೇಳುವವಳ ಕಳೆ ಇರಲಿಲ್ಲ. ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಳು, ಅವಳ ನೆನಪಿನಲ್ಲಿ ಬಾಗಿಲು ತೆಗೆದೇ ಇತ್ತು. ಅದು ಮುಚ್ಚಿತ್ತೆಂದಾದರೆ ಅದೇ ಬಾಗಿಲಿನೊಳಗೆ ಮಗನನ್ನು ಕೆಲಸಕ್ಕೆ ಸೇರಿಸಿದ ತಾಯಿ ಅವಳಾಗಬೇಕಿತ್ತು. ಸಣ್ಣಕ್ಕನಿಗೆ ಅದು ಆ ಕ್ಷಣದಲ್ಲಿ ಹೊಳೆದಿದ್ದರೆ ಬಹುಶಃ ಸುಮ್ಮನಾಗುತ್ತಿದ್ದಳು. ಮನೆಗೆ ಹೋದ ಮೇಲೆ ಹೊಳೆಯಿತು.

ದೊಡ್ಡಕ್ಕ ಎದ್ದಳು. ಸೀಟಿನ ಬೆನ್ನುಗಳನ್ನು ಒಂದೊಂದಾಗಿ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ತಿರುಗಿ ನಿಂತಳು.

"ಹಾಕಿದ್ದು ಹೌದು ಅಂದೆಯಲ್ಲ," ಎಂದಳು. "ಅಷ್ಟು ಸಾಕು ನಂಗೆ."

ಆ ವಾರಕ್ಕೆ ಸಿನಿಮಾ ಆ ಥಿಯೇಟರಿನಿಂದಲೂ ಹೋಯಿತು. ಗೋಡೆಯ ಪೋಸ್ಟರಿನ ಮೇಲೆ ಬೇರೆ ಪೋಸ್ಟರು ಬಿತ್ತು. ಫೋನಿನ ತುಣುಕು ಹಳತಾಯಿತು. ಜನ ಬೇರೆ ಯಾರನ್ನೋ ನೋಡಿ ನಗತೊಡಗಿದರು. ಸಣ್ಣಕ್ಕ ಇನ್ನು ಮುಗಿಯಿತು ಎಂದುಕೊಂಡಳು. ಆದರೆ ದೊಡ್ಡಕ್ಕ ತನಗೆ ಸಿಕ್ಕ ಉತ್ತರವನ್ನು ಮನೆಯಲ್ಲಿಟ್ಟುಕೊಂಡು ಕೂರಲಿಲ್ಲ. ಬೆಂಕಿಯಲ್ಲಿ ಸತ್ತವರ ಮನೆಮನೆಗೂ ಹೋಗಿ ಹೇಳಿದಳು. ಅವಳು ಒಂದು ಮಾತನ್ನೂ ಕಟ್ಟಿ ಹೇಳಲಿಲ್ಲ. ಬೀಗ ಹಾಕಿದ್ದು ಅವನೇ ಅಂತೆ, ಹೆಂಡತಿಯೇ ಹೌದು ಅಂದಳು, ಇಷ್ಟೇ ಹೇಳಿದಳು. ಸಿನಿಮಾವನ್ನು ನಂಬದವರೆಲ್ಲ ಇದನ್ನು ನಂಬಿದರು. ಸಿನಿಮಾದವರು ಕಥೆ ಕಟ್ಟಿದ್ದಾರು, ಸ್ವಂತ ಹೆಂಡತಿ ಯಾಕೆ ಕಟ್ಟುತ್ತಾಳೆ? ಬಾಯಿಂದ ಬಾಯಿಗೆ ಹೋಗುತ್ತಾ ಅದಕ್ಕೆ ಲಕೋಟೆಯೂ ಬಂದು ಸೇರಿಕೊಂಡಿತು. ಲಕೋಟೆ ಮೊದಲು ಬಂದದ್ದು ಆ ಕೆಟ್ಟ ಸಿನಿಮಾದಿಂದ ಎಂಬುದು ಕೆಲವರಿಗೆ ಮರೆತೂ ಹೋಯಿತು.

ಮಗಳಿಗೆ ಇದು ಗೊತ್ತಾದ ದಿನ ಮನೆಯಲ್ಲಿ ಜಗಳವಾಯಿತು. ನೀನು ಯಾಕಮ್ಮ ಹೌದು ಅಂದೆ ಎಂದು ಅವಳು ಕೇಳಿದಳು. ಹೌದಾದದ್ದಕ್ಕೆ ಅಂದೆ, ಪೂರ್ತಿ ಹೇಳಿದೆ ಎಂದಳು ಸಣ್ಣಕ್ಕ. ಪೂರ್ತಿ ಯಾರಿಗೆ ಬೇಕಾಗಿತ್ತು ಎಂದು ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಮೈದುನ ಎಲ್ಲರ ಮನೆಗೂ ಹೋಗಿ ಜಗಳ ಕಾಯುತ್ತೇನೆಂದು ಹೊರಟ. ಎರಡು ಮನೆಯಲ್ಲಿ ಜಗಳವಾಡಿ, ಮೂರನೆಯ ಮನೆಯವರು ಕೂರಿಸಿ ಟೀ ಕೊಟ್ಟು, ಪಾಪ, ನಿಮ್ಮ ತಪ್ಪೇನಿದೆ ಎಂದದ್ದಕ್ಕೆ ಸೋತು ವಾಪಸು ಬಂದ.

ಬೆಂಕಿಯ ದಿನ ಬಂತು. ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಟೈರುಗಳ ಗೋದಾಮಿದೆ. ಅದರ ಕಾಂಪೌಂಡಿಗೆ ಹೆಸರುಗಳನ್ನು ಕೆತ್ತಿದ ಒಂದು ಕಲ್ಲು ಕೂರಿಸಿದ್ದಾರೆ. ಪ್ರತಿ ವರ್ಷ ಅಲ್ಲಿ ಸೇರಿದವರು ಒಬ್ಬೊಬ್ಬರಾಗಿ ಹೆಸರು ಓದುವುದು ರೂಢಿ. ತಮ್ಮವರ ಹೆಸರನ್ನು ತಾವೇ ಓದಲು ಹೋಗಿ ಗಂಟಲು ಕಟ್ಟುತ್ತಿದ್ದುದರಿಂದ, ಒಬ್ಬರು ಇನ್ನೊಬ್ಬರ ಮನೆಯವರ ಹೆಸರು ಓದುವುದೆಂದು ತಾವಾಗಿಯೇ ಹೊಂದಿಸಿಕೊಂಡಿದ್ದರು. ಕಾವಲುಗಾರನ ಹೆಸರನ್ನು ದೊಡ್ಡಕ್ಕ ಓದುತ್ತಿದ್ದಳು, ದೊಡ್ಡಕ್ಕನ ಮಗನ ಹೆಸರನ್ನು ಸಣ್ಣಕ್ಕ.

ಹೋಗಬೇಡ ಎಂದಿದ್ದಳು ಮಗಳು. ಕೊನೆಗೆ ತಾನೂ ಜೊತೆಗೆ ಬಂದಳು. ಅವರು ಬಂದಾಗ ಯಾರೂ ಏನೂ ಅನ್ನಲಿಲ್ಲ. ಜಾಗ ಬಿಟ್ಟು ನಿಂತರು, ಬೇಕಾದದ್ದಕ್ಕಿಂತ ಹೆಚ್ಚೇ ಜಾಗ ಬಿಟ್ಟರು. ದೊಡ್ಡಕ್ಕ ಕಲ್ಲಿನ ಆ ಪಕ್ಕದಲ್ಲಿ ಇಬ್ಬರು ಹೆಂಗಸರ ನಡುವೆ ನಿಂತಿದ್ದಳು. ಇಳಿದುಹೋಗಿದ್ದಳು. ಸೆರಗಿನ ಅಂಚು ಬಿಚ್ಚಿಕೊಂಡು ದಾರ ನೇತಾಡುತ್ತಿತ್ತು.

ಹೆಸರುಗಳು ಒಂದರ ಹಿಂದೆ ಒಂದು ಬಂದವು. ಕಾವಲುಗಾರನ ಸರದಿ ಬಂದಾಗ ಎಲ್ಲರೂ ನೆಲ ನೋಡಿದರು. ದೊಡ್ಡಕ್ಕ ಬಾಯಿ ತೆರೆಯಲಿಲ್ಲ. ಗೋದಾಮಿನೊಳಗೆ ಯಾರೋ ಟೈರು ಉರುಳಿಸುವ ಸದ್ದು ಕೇಳಿಸುತ್ತಿತ್ತು. ಮಗಳು ತಾಯಿಯ ಮುಖ ನೋಡಿದಳು, ಆಮೇಲೆ ತಾನೇ ಅಪ್ಪನ ಹೆಸರು ಓದಲು ಹೊರಟಳು. ಅರ್ಧಕ್ಕೆ ದನಿ ಒಡೆಯಿತು. ಅರ್ಧ ಹೆಸರು ಅಷ್ಟಕ್ಕೇ ನಿಂತಿತು. ಯಾರೂ ಅದನ್ನು ಎತ್ತಿ ಪೂರ್ತಿ ಮಾಡಲಿಲ್ಲ. ಪಕ್ಕದವರು ಮುಂದಿನ ಹೆಸರು ಓದಿದರು.

ಇನ್ನೂ ಕೆಲವು ಹೆಸರುಗಳಾದ ಮೇಲೆ ದೊಡ್ಡಕ್ಕನ ಮಗನ ಹೆಸರು ಬಂತು. ಅದನ್ನು ಈ ವರ್ಷ ಯಾರು ಓದಬೇಕೆಂದು ಯಾರೂ ಮಾತನಾಡಿಕೊಂಡಿರಲಿಲ್ಲ. ದೊಡ್ಡಕ್ಕನ ಪಕ್ಕದ ಹೆಂಗಸು ಕಲ್ಲಿನ ಮೇಲೆ ಹೆಸರು ಹುಡುಕುತ್ತಾ ಬಾಗಿದಳು. ಸಣ್ಣಕ್ಕ ಆ ಹುಡುಗನನ್ನು ಹುಟ್ಟಿದಾಗಿನಿಂದ ಬಲ್ಲವಳು. ಅವಳಿಗೆ ಕಲ್ಲು ನೋಡಬೇಕಾಗಿರಲಿಲ್ಲ. ಇನಿಷಿಯಲ್ಲು ಸಮೇತ, ಗಟ್ಟಿಯಾಗಿ, ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ ಓದಿದಳು.

ದೊಡ್ಡಕ್ಕ ತಲೆಯೆತ್ತಿ ದನಿ ಬಂದ ಕಡೆ ನೋಡಿದಳು. ಅಷ್ಟು ದೂರದಿಂದ ಅವಳ ಕಣ್ಣಿಗೆ ಮುಖ ಕಂಡಿರಲಾರದು. ಸ್ವಲ್ಪ ಹೊತ್ತು ಹಾಗೇ ನೋಡಿದಳು. ಆಮೇಲೆ ಪಕ್ಕದವಳ ತೋಳು ಹಿಡಿದು, ಹೋಗೋಣ ಎಂದಳೆಂದು ಕಾಣುತ್ತದೆ. ಇಬ್ಬರೂ ಗುಂಪು ಬಿಟ್ಟು ರಸ್ತೆಯ ಕಡೆ ನಡೆದರು. ಉಳಿದ ಹೆಸರುಗಳಿಗೆ ಅವಳು ನಿಲ್ಲಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಮಗಳು ಟಿಕೆಟ್ಟನ್ನು ಮಡಚುತ್ತಾ ಕೂತಿದ್ದಳು.

"ನೀನು ಅವನ ಹೆಸರು ಓದಬಾರದಿತ್ತು," ಎಂದಳು ಕೊನೆಗೆ. "ದೊಡ್ಡಮ್ಮ ಅಪ್ಪನದ್ದು ಓದಲಿಲ್ಲ."

"ಹುಡುಗ ಏನು ಮಾಡಿದ್ದ?" ಎಂದಳು ಸಣ್ಣಕ್ಕ.

ಬಸ್ಸು ತುಂಬಿತ್ತು, ಮುಂದಿನ ನಿಲ್ದಾಣದಲ್ಲಿ ಇನ್ನಷ್ಟು ಜನ ಹತ್ತಿದರು. ಸಣ್ಣಕ್ಕ ಎದ್ದು, ಮಗುವನ್ನೆತ್ತಿಕೊಂಡಿದ್ದ ಒಬ್ಬಳಿಗೆ ಸೀಟು ಬಿಟ್ಟು, ಮನೆ ಬರುವವರೆಗೂ ನಿಂತೇ ಇದ್ದಳು.